ಬಾಗಲಕೋಟೆಯ ಸೀಮೆಯಲ್ಲಿ ಸ್ಥಳಿಕ ಪ್ರಾತಿನಿಧ್ಯ

ಬಾದಾಮಿ, ಹುನಗುಂದ, ಬಾಗಲಕೋಟೆಗಳ ಸೀಮೆಯ ಹಳೆಯ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಎದ್ದು ತೋರುವುದು. ಅಲ್ಲಿಯ ನಾಡುಗಳ ಹೆಸರಿನ ಬೆನ್ನಿಗೆ ಒಂದೊಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಪಟ್ಟದಕಲ್ಲಿನ ಸುತ್ತಣ ನಾಡಿಗೆ ಕಿಸುಕಾಡು-70 ಎಂದು ಹೆಸರು; ಇಂದಿನ ಬಾಗಲಕೋಟೆಯ ನಾಡು ಬಾಗಡಗೆ-70; ಬಾದಾಮಿ ತಾಲ್ಲೂಕಿನ ಕಡೆಯ ಇನ್ನೊಂದು ನಾಡು ಕೆಲವಡಿ-300. 12ನೆಯ ಶತಮಾನದಲ್ಲಿ ಯಲಬುರ್ಗೆಯ ಸಿಂದರು ಈ ಮೂರು ನಾಡುಗಳನ್ನೂ ಆಳುತ್ತಿದ್ದರು. ಈ ಸಂಖ್ಯೆಗಳು ಮೊದಲಿಗೆ ಆಯಾ ನಾಡಿನ ಹಳ್ಳಿಗಳ ಎಣಿಕೆಯನ್ನು ಸೂಚಿಸುತ್ತಿದ್ದುವೆಂದು ಬಹುಮಂದಿ ವಿದ್ವಾಂಸರ ಮತ. ಆದರೆ ಹಳ್ಳಿಗಳು ಹುಟ್ಟುತ್ತವೆ, ಹಾಳಾಗುತ್ತವೆ, ಒಂದರೊಡನೊಂದು ಕೂಡಿಕೊಳ್ಳುತ್ತವೆ. ಹೆಸರಿನಲ್ಲಿದ್ದ ಸಂಖ್ಯೆ ಮಾತ್ರ ತಲೆಮಾರುಗಳು ಕಳೆದರೂ ಇದ್ದಲ್ಲೇ ಇದ್ದಿತು.

ಇದೇ ಸೀಮೆಯ ಐಹೊಳೆಯ ಕಥೆ ಇನ್ನೂ ಸ್ವಾರಸ್ಯವಾದುದು. ಶಾಸನಗಳಲ್ಲಿ ಅಯ್ಯಾವೊಳೆಯೆಂದು ಕರೆಯಲ್ಪಟ್ಟ ಈ ಊರಿನ ಮಹಾಜನರು ಐನೂರ್ವರು. ಮುಂದೆ ಈ ಊರಿನ ಹೆಸರನ್ನೇ ಹೊತ್ತ ದೊಡ್ಡ ವರ್ತಕ ಸಂಘವೊಂದು ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಹಬ್ಬಿತು. ಸಮುದ್ರವನ್ನು ದಾಟಿ ಸುಮಾತ್ರಾ ದ್ವೀಪದ ಬರೂಸಿನಲ್ಲಿ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರು ಸಿಕ್ಕುವುದು. ಆ ವೇಳೆಗೆ ಸಂಘದಲ್ಲಿ ಐನೂರು ಜನರೇ ಇದ್ದರೆಂದು ಯಾರೂ ತಿಳಿಯಬೇಕಾಗಿಲ್ಲ. ಎಣಿಕೆಯಾಗಿದ್ದುದು ಹೆಸರಾಗಿ ಪರಿಣಮಿಸಿದ್ದಿತು.

ವರ್ತಕ ಸಂಘಕ್ಕೆ ಇದರಿಂದ ಕೀರ್ತಿಯೇ ಬಂದಿತು. ಆದರೆ ಊರನ್ನಾಳುವ ಸಭೆಯ ಎಣಿಕೆ ಹೀಗೆ ಹೆಸರಾಗಿ ನಿಂತುಬಿಟ್ಟರೆ ಏನಾಗುವುದು? ಊರು ಬೆಳೆದರೂ ಸಭೆಯ ಪೀಠಗಳು ಹಳೆಯ ಲೆಕ್ಕದಲ್ಲೇ ಉಳಿದರೆ, ಹೊಸದಾಗಿ ಬಂದ ಓಣಿಯವನ ಮಾತನ್ನು ಆಡುವವರು ಯಾರು? ಸ್ಥಳಿಕ ಸ್ವರಾಜ್ಯದ ಚರಿತ್ರೆಯಲ್ಲಿ ಕಾಯಿದೆಗಳಿಗೂ ಭಾಷಣಗಳಿಗೂ ಕೊರತೆಯಿಲ್ಲ. ಎಷ್ಟು ಜನಕ್ಕೆ ಎಷ್ಟು ಮಂದಿ ಪ್ರತಿನಿಧಿಗಳು, ಆ ಲೆಕ್ಕವನ್ನು ಯಾವಾಗ ಯಾರು ತಿದ್ದಬೇಕು ಎಂಬ ಸಣ್ಣ ಪ್ರಶ್ನೆಯಲ್ಲಿಯೇ ಅದರ ಜೀವವಿದೆಯೆಂದು ನನಗೆ ತೋರುವುದು. ಬಾಗಲಕೋಟೆಯ ಸೀಮೆಯ ಚರಿತ್ರೆಯಿಂದ ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ಹಿಂದಿನ ಊರ ಸಭೆಗಳನ್ನು ಇಂದಿನ ಪಂಚಾಯಿತಿಗಳ ತದ್ರೂಪವೆಂದು ಹೊಗಳುವ ವಾಡಿಕೆಯುಂಟು. ಹೊಗಳಿಕೆಗೆ ಆಧಾರವಿಲ್ಲದೆ ಇಲ್ಲ. ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು 8ನೆಯ ಶತಮಾನದ ಮೊದಲ ಭಾಗದಲ್ಲಿ ಪೊರಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರ ವ್ಯವಸ್ಥೆಯನ್ನು ಕೊಟ್ಟನು. ರಾಜಪುರುಷರು ಏನು ಮಾಡಬೇಕು, ಊರವರು ಏನನ್ನು ಸಲ್ಲಿಸಬೇಕು ಎಂಬುದೆಲ್ಲ ಅದರಲ್ಲಿ ಕಲ್ಲಿನ ಮೇಲೆ ಬರೆದಿದೆ. ಮನೆಮನೆಯ ಶಕ್ತಿಯನ್ನು ನೋಡಿ ಹೆಚ್ಚುಕಡಿಮೆಯಾಗಿ ತೆರಿಗೆಯನ್ನು ಗೊತ್ತುಮಾಡಿರುವ ರೀತಿ ಇಂದಿಗೂ ಮೆಚ್ಚತಕ್ಕುದು. ಆದರೆ ಒಂದನ್ನು ಗಮನಿಸಬೇಕು. ಮನೆಗಳನ್ನು ವಿಂಗಡಿಸಿ ಲೆಕ್ಕಹಾಕಿದುದು ತೆರಿಗೆಗಾಗಿ. ಸಭೆಯಲ್ಲಿ ಕುಳಿತು ಮಾತನಾಡುವ ಹಕ್ಕು ಮನೆಗಳ ಲೆಕ್ಕದಿಂದ ಬರುತ್ತಿರಲಿಲ್ಲ. ಅದು ಕುಲ, ವೃತ್ತಿ, ಭೂಮಿಗಳಿಂದ ಬರುತ್ತಿದ್ದಿತು. ಕೊಡುವುದಕ್ಕೆ ಎಲ್ಲರೂ, ಆಡುವುದಕ್ಕೆ ಕೆಲವರು ಎಂಬ ಈ ವ್ಯವಸ್ಥೆಯನ್ನು ಮುಂದಿನ ಅರಸರೂ ಬಹಳ ಕಾಲ ಬದಲಾಯಿಸಲಿಲ್ಲ.

ಆಂಗ್ಲರ ಆಳ್ವಿಕೆಯಲ್ಲಿಯೂ ಆರಂಭವಾದುದು ತೆರಿಗೆಯಿಂದಲೇ. 1864ರಲ್ಲಿ ಈ ಸೀಮೆ ಮುಂಬಯಿ ಆಧಿಪತ್ಯದ ಕಲಾದಗಿ ಜಿಲ್ಲೆಯಾಯಿತು. ಮುಂಬಯಿ ಸರ್ಕಾರವು ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯ ಸ್ಥಳಿಕ ಕರವನ್ನು ವಿಧಿಸಿತು; ಅದರಲ್ಲಿ ಎರಡು ಪಾಲು ರಸ್ತೆಗಳಿಗೆ, ಒಂದು ಪಾಲು ಶಾಲೆಗಳಿಗೆ. 1869ರ ಲೋಕಲ್ ಫಂಡ್ ಕಾಯಿದೆಯಿಂದ ಈ ಹಣಕ್ಕೆ ಕಮಿಟಿಗಳಾದುವು. ಆ ಕಮಿಟಿಗಳಲ್ಲಿ ಸರ್ಕಾರದ ಅಧಿಕಾರಿಗಳದೂ ಅವರು ಕರೆದು ಕೂರಿಸಿದವರದೂ ಮಾತು ನಡೆಯುತ್ತಿದ್ದಿತು. ಒಂದಾಣೆಯನ್ನು ತೆತ್ತ ರೈತನದಲ್ಲ.

ಅಷ್ಟರಲ್ಲಿ 1876ರಿಂದ 1878ರ ವರೆಗಿನ ಮಹಾಕ್ಷಾಮ ಬಂದಿತು. 1872ರ ಖಾನೇಷುಮಾರಿಯಲ್ಲಿ 8 ಲಕ್ಷಕ್ಕೂ ಮೇಲಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ 6 ಲಕ್ಷ 40 ಸಾವಿರದ ಸಮೀಪಕ್ಕೆ ಇಳಿದಿದ್ದಿತು. ಐದು ಮಂದಿಗೆ ಒಬ್ಬನಂತೆ ಲೆಕ್ಕದಿಂದ ಮಾಯವಾದರು. ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಜನಗಣತಿಯೆಂದರೆ ಬೆಳವಣಿಗೆಯ ಪಟ್ಟಿಯೆಂದಷ್ಟೇ ತಿಳಿಯುವವರು ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಬೇಕು. ಯಾವ ಹಳ್ಳಿ ಹಾಳಾಯಿತು, ಯಾವ ಪೇಟೆ ಉಳಿಯಿತು ಎಂಬುದನ್ನು ಅಧಿಕಾರಿಗಳು ಮನೆಮನೆಯನ್ನು ಎಣಿಸಿದ ಮೇಲೆ ತಾನೆ ತಿಳಿದುದು!

ಹೀಗೆ ಬಡವಾದ ಜಿಲ್ಲೆಗೆ ಸ್ಥಳಿಕ ಸ್ವರಾಜ್ಯದ ಮೊದಲ ಕಂತು ಬಂದಿತು. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ನನ ನಿರ್ಣಯ ಹೊರಟಿತು. 1884ರಲ್ಲಿ ಮುಂಬಯಿಯ ಲೋಕಲ್ ಬೋರ್ಡುಗಳ ಕಾಯಿದೆಯಾಯಿತು. ತಾಲ್ಲೂಕಿಗೊಂದು, ಜಿಲ್ಲೆಗೊಂದು ಬೋರ್ಡು. ಕೆಲವರು ಚುನಾಯಿತರು, ಕೆಲವರು ನಾಮಕರಣ ಹೊಂದಿದವರು. ಇನಾಂದಾರರಿಗೆ ಬೇರೆ ಸ್ಥಾನ, ಮುನಿಸಿಪಾಲಿಟಿಗಳಿಗೆ ಬೇರೆ ಸ್ಥಾನ, ಹಳ್ಳಿಗಳ ಗುಂಪುಗಳಿಗೆ ಬೇರೆ ಸ್ಥಾನ. ಜಿಲ್ಲಾ ಬೋರ್ಡಿಗೆ ಕಲೆಕ್ಟರರೇ ಅಧ್ಯಕ್ಷರು. ಮೈಸೂರಿನಲ್ಲಿಯೂ ಸ್ಥಿತಿ ಇದಕ್ಕೆ ಬಹು ದೂರವಾಗಿರಲಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲುಗಳು ಕೂಡಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಮಂದಿ ಇದ್ದರು. ಅವರನ್ನು ಆರಿಸಿದುದು ಪ್ರಜೆಗಳ ಮತವಲ್ಲ. ಎರಡು ಕಡೆಯೂ ಪ್ರತಿನಿಧಿಯೆಂದರೆ ಒಂದು ವರ್ಗದ ಪ್ರತಿನಿಧಿ, ಇಷ್ಟು ಜನರ ಪ್ರತಿನಿಧಿಯಲ್ಲ.

ಇಂಗ್ಲೆಂಡಿನ ಚರಿತ್ರೆಯನ್ನು ಓದಿದವರಿಗೆ ಈ ಸ್ಥಿತಿ ಹೊಸದೆನ್ನಿಸದು. ಅಲ್ಲಿ 1832ರ ಸುಧಾರಣೆಯವರೆಗೆ ಓಲ್ಡ್ ಸೇರಮ್ ಎಂಬ ಹಾಳುದಿಬ್ಬದಿಂದ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು ಹೋಗುತ್ತಿದ್ದರು. ಗಿರಣಿಗಳಿಂದ ತುಂಬಿದ ಮ್ಯಾಂಚೆಸ್ಟರಿಗೆ ತನ್ನದೆಂಬ ಸದಸ್ಯನೇ ಇರಲಿಲ್ಲ. ಓಲ್ಡ್ ಸೇರಮ್ ಒಂದು ಕಾಲಕ್ಕೆ ದೊಡ್ಡ ಊರು. ಊರು ಹೋಯಿತು, ಹಕ್ಕು ಉಳಿಯಿತು. ಯಾರೂ ಅನ್ಯಾಯವನ್ನು ಉದ್ದೇಶಿಸಿ ಮಾಡಲಿಲ್ಲ. ಲೆಕ್ಕವನ್ನು ತಿದ್ದದೆ ಇದ್ದುದೇ ಅನ್ಯಾಯವಾಯಿತು.

ಮುಂದಿನ ಅರ್ಧ ಶತಮಾನದಲ್ಲಿ ಮುಂಬಯಿ ಸರ್ಕಾರ ಮೆಲ್ಲಮೆಲ್ಲನೆ ಬಾಗಿಲನ್ನು ತೆರೆಯಿತು. 1920ರ ಗ್ರಾಮ ಪಂಚಾಯಿತಿ ಕಾಯಿದೆ ಊರಿನ ವಯಸ್ಕ ಗಂಡಸರಿಗೆ ಮತವನ್ನು ಕೊಟ್ಟಿತು. 1923ರ ಲೋಕಲ್ ಬೋರ್ಡುಗಳ ಕಾಯಿದೆ ಚುನಾಯಿತರ ಪ್ರಮಾಣವನ್ನು ಹೆಚ್ಚಿಸಿತು. 1933ರಲ್ಲಿ ಪಂಚಾಯಿತಿಗಳಿಗೆ ಹೊಸ ಕಾಯಿದೆಯಾಯಿತು. 1938ರಲ್ಲಿ ತಾಲ್ಲೂಕು ಬೋರ್ಡುಗಳನ್ನು ರದ್ದುಮಾಡಿದುದರಿಂದ ಹಳ್ಳಿಗೂ ಜಿಲ್ಲೆಗೂ ನಡುವಣ ಮೆಟ್ಟಿಲು ಹೋಯಿತು. ಅದೇ ಕಾಲಕ್ಕೆ ಒಂದು ಸಣ್ಣ ಸಂಸ್ಥಾನದಲ್ಲಿ ಬೇರೆ ಪ್ರಯೋಗ ನಡೆಯಿತು. ಔಂಧ ಸಂಸ್ಥಾನದ ರಾಜರು ಗಾಂಧಿಯವರ ಸಲಹೆಯಂತೆ 1939ರಲ್ಲಿ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರು. ಆ ಸಂಸ್ಥಾನದ ಗುಣದಾಳ ಭಾಗ ವಿಜಾಪುರ ಜಿಲ್ಲೆಯ ನಡುವೆ ಇದ್ದ ಕನ್ನಡ ನಾಡು. ಅಲ್ಲಿ ಹಳ್ಳಿಯ ಪಂಚಾಯಿತಿಯೇ ರಾಜ್ಯದ ತಳಹದಿ. ಪಂಚಾಯಿತಿಗಳ ಅಧ್ಯಕ್ಷರು ಕೂಡಿ ತಾಲ್ಲೂಕು ಸಭೆ, ಅಲ್ಲಿಂದ ರಾಜ್ಯದ ಸಭೆ. ಸಂಸ್ಥಾನಗಳ ವಿಲೀನದೊಡನೆ ಆ ಪ್ರಯೋಗ ಮುಗಿಯಿತಾದರೂ, ಕೆಳಗಿನಿಂದ ಕಟ್ಟಿ ಮೇಲಕ್ಕೆ ಹೋಗಬಹುದೆಂಬುದನ್ನು ತೋರಿಸಿಕೊಟ್ಟಿತು.

1956ರಲ್ಲಿ ಕನ್ನಡ ಪ್ರಾಂತಗಳು ಒಂದಾದ ಮೇಲೆ ನಾಲ್ಕಾರು ಬಗೆಯ ಸ್ಥಳಿಕ ಕಾಯಿದೆಗಳನ್ನು ಒಂದುಗೂಡಿಸಬೇಕಾಯಿತು. 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳಿಕ ಬೋರ್ಡುಗಳ ಕಾಯಿದೆ ಬಂದಾಗ ಮುಖ್ಯಮಂತ್ರಿಗಳಾಗಿದ್ದವರು ಶ್ರೀ ಬಿ. ಡಿ. ಜತ್ತಿಯವರು. ಅವರು ಇದೇ ಸೀಮೆಯ ಜಮಖಂಡಿಯ ಕಡೆಯವರು. ಅವರ ಸಾರ್ವಜನಿಕ ಜೀವನ ಮೊದಲಾದುದು 1940ರಲ್ಲಿ ಜಮಖಂಡಿ ಮುನಿಸಿಪಾಲಿಟಿಯ ಸದಸ್ಯತ್ವದಿಂದ. ಆಮೇಲಿನ ದೊಡ್ಡ ಹೆಜ್ಜೆ 1983ರ ಕಾಯಿದೆ. ಶ್ರೀ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಶ್ರೀ ಅಬ್ದುಲ್ ನಜೀರ್ ಸಾಹೇಬರ ಶ್ರಮದಿಂದ ಅದು ರೂಪುಗೊಂಡು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಪಾಲು ಸ್ಥಾನ ಸ್ತ್ರೀಯರಿಗೆ ಮೀಸಲಾಯಿತು. 1993ರಲ್ಲಿ ರಾಜ್ಯಾಂಗದ 73ನೆಯ ತಿದ್ದುಪಡಿಯೊಡನೆ ಇಂದಿನ ಪಂಚಾಯತ್ ರಾಜ್ ಕಾಯಿದೆ ಬಂದಿತು.

ಈ ಕಾಯಿದೆಯಲ್ಲಿಯೇ ಮೊದಲ ಬಾರಿಗೆ ನಮ್ಮ ಸಣ್ಣ ಪ್ರಶ್ನೆಗೆ ನೇರವಾದ ಉತ್ತರ ದೊರೆತುದು ರಾಜ್ಯಾಂಗದ ಬಲದಿಂದ. ಸಾಮಾನ್ಯವಾಗಿ 5,000ದಿಂದ 7,000 ಜನರಿಗೆ ಒಂದು ಗ್ರಾಮ ಪಂಚಾಯಿತಿ. 400 ಜನರಿಗೆ ಒಬ್ಬ ಸದಸ್ಯ. ಜನಸಂಖ್ಯೆಗೂ ಸ್ಥಾನಗಳಿಗೂ ಇರುವ ಪ್ರಮಾಣ ಸಾಧ್ಯವಾದಮಟ್ಟಿಗೆ ಎಲ್ಲೆಡೆಯೂ ಒಂದೇ ಆಗಿರಬೇಕು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆಯಾಗಬೇಕು. ಪೊರಿಗೆರೆಯ ಕಲ್ಲಿನ ಕಾಲದಿಂದ ತೆರಿಗೆಗಾಗಿ ಮಾತ್ರ ನಡೆಯುತ್ತಿದ್ದ ಎಣಿಕೆ ಈಗ ಮಾತಿನ ಹಕ್ಕಿಗೂ ಅಳತೆಗೋಲಾಯಿತು. ಸ್ತ್ರೀಯರಿಗೆ ಮೊದಲು ಮೂರರಲ್ಲೊಂದು, 2010ರಿಂದ ಅರ್ಧದಷ್ಟು ಸ್ಥಾನಗಳಾದುವು. ಒಂದು ಸಾವಿರ ವರ್ಷಕ್ಕೂ ಹಿಂದಿನ ಐನೂರ್ವರನ್ನು ನೆನೆದು, 400ಕ್ಕೆ ಒಬ್ಬರೆಂಬ ಈ ಮಾತನ್ನು ಕೇಳಿದರೆ ಬಂದ ದಾರಿ ಎಷ್ಟು ದೂರವೆಂಬುದು ತಿಳಿಯುವುದು.

ಆದರೆ ಅಳತೆಗೋಲಿದ್ದ ಮಾತ್ರಕ್ಕೆ ಅಳೆದಂತಾಗಲಿಲ್ಲ. ಈ ಸೀಮೆಯಲ್ಲಿ ಊರುಗಳು ಕಾಯಿದೆಗಿಂತ ಬೇಗ ಬದಲಾದುವು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟಿಗೆ ಅಸ್ತಿಭಾರವನ್ನಿಟ್ಟರು. ಈ ಶತಮಾನದ ಮೊದಲ ವರ್ಷಗಳಲ್ಲಿ ನೀರು ನಿಂತಾಗ ಕೃಷ್ಣಾ ಘಟಪ್ರಭೆಗಳ ದಡದ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿದುವು. ಜನರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಬಾಗಲಕೋಟೆಯ ಪಕ್ಕದಲ್ಲಿ ನವನಗರವೆದ್ದಿತು. ಅದರ ಮೊದಲೇ, 1997ರಲ್ಲಿ, ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದಿತು. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಹೋದಾಗ ಒಂದು ಊರಿನ ಭಾಗ್ಯ ಬದಲಾದಂತೆ, ಈಗ ನೂರಾರು ಊರುಗಳ ಭಾಗ್ಯ ಬದಲಾಯಿತು. ವಾರ್ಡು ಎಂಬುದು ಓಣಿಗಳ ಹೆಸರಿನಿಂದ ಕಟ್ಟಿದ ಗೆರೆ. ಓಣಿಯೇ ನೀರಿಗೆ ಹೋದ ಮೇಲೆ ಆ ಗೆರೆಯನ್ನು ಎಲ್ಲಿ ಎಳೆಯಬೇಕು? ಒಂದು ಊರಿನವರು ಎರಡು ಮೂರು ನೆಲೆಗಳಿಗೆ ಹಂಚಿಹೋದರೆ, ಅವರನ್ನು ಒಟ್ಟಿಗೆ ಎಣಿಸಬೇಕೋ, ಸೇರಿದ ಊರಿನವರೊಡನೆ ಎಣಿಸಬೇಕೋ? ಪರಿಹಾರದ ಹಣವನ್ನು ಎಣಿಸಿಕೊಟ್ಟಂತೆ ಸುಲಭವಾಗಿ ಇದನ್ನು ಎಣಿಸಿಕೊಡುವುದಕ್ಕಾಗದು. ಹೊಸ ನೆಲೆಗೆ ನೀರಿನ ಕೊಳವೆ, ಶಾಲೆ, ಸ್ಮಶಾನದ ಜಾಗ ಬೇಕಾದಾಗ ಪಂಚಾಯಿತಿಯಲ್ಲಿ ಕೇಳುವ ಒಬ್ಬ ಸದಸ್ಯನಿರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ನೀರು ಬಾರದ ಕಡೆಯಲ್ಲಿಯೂ ಊರುಗಳು ಬೆಳೆದುವು. ಇಳಕಲ್ಲು ಸೀರೆಯಿಂದ ಹೆಸರಾದ ಊರು. ಕೆಂಪು ಗ್ರಾನೈಟಿನಿಂದ ಇನ್ನಷ್ಟು ಬೆಳೆಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 60 ಸಾವಿರ. ಅದನ್ನು ಆಳುತ್ತಿದ್ದ ತಾಲ್ಲೂಕಿನ ಮುಖ್ಯಸ್ಥಳವಾದ ಹುನಗುಂದದ್ದು ಸುಮಾರು 21 ಸಾವಿರ. ಮಗ್ಗದವನು ತಾಲ್ಲೂಕು ಕಚೇರಿಯ ಕೆಲಸಕ್ಕೆ ತನ್ನ ಊರಿಗಿಂತ ಮೂರರಲ್ಲೊಂದರಷ್ಟಿರುವ ಊರಿಗೆ ಹೋಗಿಬರಬೇಕಾಗಿದ್ದಿತು. 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹುನಗುಂದದಿಂದ ಇಳಕಲ್ಲೂ, ಬಾದಾಮಿಯಿಂದ ಗುಳೇದಗುಡ್ಡವೂ ಬೇರೆಯಾದುವು. ಕೆರೂರು, ಅಮೀನಗಡ, ಕಮತಗಿಗಳು ಗ್ರಾಮ ಪಂಚಾಯಿತಿಯ ಮಟ್ಟವನ್ನು ದಾಟಿ ಪಟ್ಟಣ ಪಂಚಾಯಿತಿಗಳಾದುವು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಳ್ಳಿಯಲ್ಲಿ 400 ಜನರಿಗೆ ಒಬ್ಬ ಸದಸ್ಯ. ಇಳಕಲ್ಲಿನ ನಗರಸಭೆಗೆ 31 ಸ್ಥಾನಗಳು. 60 ಸಾವಿರವನ್ನು ಹಂಚಿದರೆ ಒಬ್ಬ ಸದಸ್ಯನ ಪಾಲಿಗೆ 1,900ಕ್ಕೂ ಹೆಚ್ಚು ಜನ. ಎಂದರೆ ಊರು ಬೆಳೆದು ಪಟ್ಟಣವಾದ ದಿನವೇ ಅಲ್ಲಿಯ ಸಾಮಾನ್ಯನ ಮಾತಿನ ತೂಕ ಐದರಲ್ಲೊಂದು ಪಾಲಿಗೆ ಇಳಿಯುವುದು. ಪಟ್ಟಣವಾದರೆ ದೀಪ, ಚರಂಡಿ, ರಸ್ತೆಗಳಿಗೆ ಹೆಚ್ಚು ಹಣ ಬಂದೀತೆಂದು ಊರಿನ ಅಂಗಡಿಕಾರನು ಸಂತೋಷಪಡುವನು. ಊರ ಹೊರಗಿನ ಕೂಲಿಯವಳು ಗ್ರಾಮಸಭೆಯನ್ನೂ, ಹಳ್ಳಿಗಳಿಗೆಂದೇ ಮಾಡಿದ ಕೂಲಿಕೆಲಸದ ಯೋಜನೆಯನ್ನೂ ಒಟ್ಟಿಗೆ ಕಳೆದುಕೊಳ್ಳುವಳು. ಇಬ್ಬರೂ ಒಂದೇ ಊರಿನವರು. ಊರಿನ ಬೆಳವಣಿಗೆ ಇಬ್ಬರಿಗೂ ಒಂದೇ ಅಲ್ಲ. ಪ್ರಾತಿನಿಧ್ಯವನ್ನು ಮತ್ತೆ ಪರಿಶೀಲಿಸುವವರು ನಕ್ಷೆಯ ಗೆರೆಯೊಂದನ್ನೇ ನೋಡಿದರೆ ಸಾಲದು. ಗೆರೆಯ ಯಾವ ಬದಿಗೆ ಯಾರು ಬೀಳುವರೆಂಬುದನ್ನೂ ನೋಡಬೇಕು.

ಇನ್ನು ಎಣಿಕೆಯ ಮಾತು. ರಾಜ್ಯಾಂಗದ ಪ್ರಕಾರ ಜನಸಂಖ್ಯೆಯೆಂದರೆ ಕಡೆಯ ಬಾರಿ ಪ್ರಕಟವಾದ ಜನಗಣತಿಯ ಸಂಖ್ಯೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಕಾಲಕ್ಕೆ ನಡೆಯಲಿಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿಯೂ 400 ಜನವೆಂದರೆ 2011ರ 400 ಜನವೇ. ಅಷ್ಟರಲ್ಲಿ ಹುಟ್ಟಿದವರು, ಗುಳೆ ಹೋದವರು, ಗಣಿ ಮಗ್ಗಗಳ ಕೆಲಸಕ್ಕೆ ಬಂದು ನೆಲೆಸಿದವರು ಲೆಕ್ಕದ ಹೊರಗೆ. ಕಿಸುಕಾಡಿನ 70ರಂತೆ ಇದೂ ಹೆಸರಾಗತೊಡಗಿದೆಯೇನೋ ಎಂಬ ಸಂಶಯ ಬರುವುದು ಸಹಜ.

ಎಣಿಸದೆ ಬಿಡುವುದು ಒಂದು ಕೇಡಾದರೆ, ಎಣಿಕೆಯ ನೆಪದಲ್ಲಿ ಸಭೆಯನ್ನೇ ಖಾಲಿ ಬಿಡುವುದು ಇನ್ನೊಂದು ಕೇಡು. 2016ರಲ್ಲಿ ಚುನಾಯಿತವಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ವರ್ಷ ಕ್ಷೇತ್ರಗಳ ಗಡಿಗಳನ್ನು ಗೊತ್ತುಮಾಡುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಸರ್ಕಾರ ನೇಮಿಸಿದ ಬೇರೊಂದು ಆಯೋಗಕ್ಕೆ ಒಪ್ಪಿಸಿದರು. ಕ್ಷೇತ್ರಗಳ ಪುನರ್ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯವಹಾರ ಎಂದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಚುನಾಯಿತರ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಕುಳಿತರು. ಹೊಸದಾಗಿ ಹುಟ್ಟಿದ ಇಳಕಲ್ಲು, ಗುಳೇದಗುಡ್ಡ ತಾಲ್ಲೂಕುಗಳಿಗೆ ಆ ವರ್ಷಗಳಲ್ಲಿ ತಾಲ್ಲೂಕೆಂಬ ಹೆಸರಿದ್ದಿತು, ಜನರು ಹೊಸದಾಗಿ ಆರಿಸಿದ ತಾಲ್ಲೂಕು ಸಭೆಯಿರಲಿಲ್ಲ. 1884ರ ಕಲೆಕ್ಟರ್ ಅಧ್ಯಕ್ಷರನ್ನು ನೆನೆಯದೆ ಈ ಸಂಗತಿಯನ್ನು ಓದುವುದು ಚರಿತ್ರೆಯ ವಿದ್ಯಾರ್ಥಿಗೆ ಕಷ್ಟ.

ಪುನರ್ವಿಂಗಡಣೆ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕೆಂಬುದೇ ಇದುವರೆಗಿನ ವಾದ. ಆದರೆ ಅದಕ್ಕೆ ಮೂರು ನಿಬಂಧನೆಗಳಿರಬೇಕು. ಎಣಿಕೆಯ ಕಾಲ ಮೊದಲೇ ಗೊತ್ತಾಗಿರಬೇಕು. ಅವಧಿ ಮುಗಿದ ಮೇಲೆ ಎಣಿಸುವುದು ಕಟಾವಾದ ಮೇಲೆ ಹೊಲಕ್ಕೆ ಕಾವಲು ಹಾಕಿದಂತೆ. ಗೆರೆಯನ್ನು ಎಳೆಯುವವರು ಆ ಗೆರೆಯಿಂದ ಗೆಲ್ಲುವವರೂ ಸೋಲುವವರೂ ಆಗಿರಕೂಡದು. ಗೆರೆಯನ್ನು ಅಂತಿಮಗೊಳಿಸುವ ಮೊದಲು ಕರಡು ಊರ ಚಾವಡಿಗೂ ಓಣಿಗೂ ಬಂದು, ಓದಬಾರದವರಿಗೂ ಓದಿ ಹೇಳಲ್ಪಡಬೇಕು. ರಾಜಪತ್ರದಲ್ಲಿ ಅಚ್ಚಾದುದನ್ನು ಊರಿಗೆ ತಿಳಿಸಿದಂತಾಯಿತೆಂದು ಭಾವಿಸುವುದು ತಪ್ಪು. ಸ್ತ್ರೀಯರ, ಪರಿಶಿಷ್ಟರ ಮೀಸಲು ಸ್ಥಾನಗಳು ಸರದಿಯ ಮೇಲೆ ಬದಲಾಗುವುದರಿಂದ ಈ ತಿಳಿವಳಿಕೆ ಅವರಿಗೆ ಇನ್ನೂ ಅವಶ್ಯಕ. ಐದು ವರ್ಷ ದುಡಿದು ಒಂದು ವಾರ್ಡಿನ ವಿಶ್ವಾಸವನ್ನು ಗಳಿಸಿದ ಹೆಂಗಸಿಗೆ ತನ್ನ ವಾರ್ಡು ಎಲ್ಲಿ ಹೋಯಿತೆಂಬುದು ನಾಮಪತ್ರವನ್ನು ಕೊಡುವ ವಾರದಲ್ಲಿ ತಿಳಿಯಬಾರದು.

ಹಿರಿಯರು ಪಂಚರಲ್ಲಿ ಪರಮೇಶ್ವರನನ್ನು ಕಂಡರು. ಆ ಐವರು ಯಾರ ಐವರು ಎಂಬ ಪ್ರಶ್ನೆಯನ್ನು ಅವರು ಹೆಚ್ಚಾಗಿ ಕೇಳಲಿಲ್ಲ. ನಾವು ಕೇಳಲು ಕಲಿತು ಇನ್ನೂ ಬಹಳ ಕಾಲವಾಗಿಲ್ಲ. ಕೇಳುವುದನ್ನು ಬಿಡದಿದ್ದರೆ ಸಾಕು. ಮುಂದಿನ ಜನಗಣತಿಯ ಗುಮಾಸ್ತೆ ಬಾಗಿಲಿಗೆ ಬಂದಾಗ ಪಟ್ಟಣಿಗರಾದ ನಮಗೆ ಅದು ಹತ್ತು ನಿಮಿಷದ ತೊಂದರೆ. ನವನಗರದ ಅಂಚಿನಲ್ಲಿಯೋ, ಇಳಕಲ್ಲಿನ ಹೊಸ ಓಣಿಯಲ್ಲಿಯೋ, ಪುನರ್ವಸತಿ ಕೇಂದ್ರದ ತಗಡಿನ ಮನೆಯಲ್ಲಿಯೋ ಇರುವವನಿಗೆ ಆ ಹತ್ತು ನಿಮಿಷವೇ ಮುಂದಿನ ಪಂಚಾಯಿತಿಯಲ್ಲಿ ಅವನ ಪಾಲು.